ಮುಚ್ಚಿದ ಕೌಂಟರಿನ ಗಂಟೆ

ಮಾರ್ಚ್ ಕ್ಲೋಸಿಂಗ್, ಆಮೇಲೆ ಆಡಿಟ್, ಅದು ಮುಗಿಯುವಷ್ಟರಲ್ಲಿ ಊರಲ್ಲಿ ಒಂದು ಮದುವೆ. ಹೀಗೆ ಏನೇನೋ ಆಗಿ ಇಲ್ಲಿ ಬರೆದು ಮೂರು ತಿಂಗಳೇ ಆಯ್ತು. ಇವತ್ತು ಬರೀತಿರೋದು ಕಂಪ್ಯೂಟರ್ ವಿಷಯ. "ಬಿಕಾಂ ಓದಿದ ಮನುಷ್ಯನಿಗೆ ಇದೆಲ್ಲ ಯಾಕೆ?" ಅಂತ ಮನೆಯವಳು ಆಗಲೇ ಕೇಳಿ ಆಗಿದೆ. ನೀವೂ ಕೇಳಬಹುದು. ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ. ವಿಷಯ ಅರ್ಧ ಕಂಪ್ಯೂಟರಿನದು, ಅರ್ಧ ಬ್ಯಾಂಕಿನದು.

ನನ್ನ ಮಗ ಬೆಂಗಳೂರಿನಲ್ಲಿ ಸರ್ವರ್‌ಗಳ ಕೆಲಸ ಮಾಡುತ್ತಾನೆ. ಜನವರಿಯಲ್ಲಿ ಉತ್ತರಾಯಣಕ್ಕೆ ಅಂತ ಅಹಮದಾಬಾದಿಗೆ ಬಂದಿದ್ದ. ಮಧ್ಯಾಹ್ನ ಗಾಳಿ ಬಿದ್ದುಹೋಯ್ತು, ಪಟ ಏರಲಿಲ್ಲ. ಮಾಳಿಗೆಯಿಂದ ಇಳಿದು ಬಂದು ನನ್ನ ಹಳೇ ಲ್ಯಾಪ್‌ಟಾಪ್ ಬಿಚ್ಚಿ ಕೂತ. ಎರಡು ವರ್ಷದ ಹಿಂದೆ ಅದಕ್ಕೆ ಲಿನಕ್ಸ್ ಹಾಕಿಕೊಟ್ಟವನೂ ಅವನೇ. "ಅಪ್ಪಾ, ಒಂದು ತಮಾಷೆ ತೋರಿಸ್ತೀನಿ ಬಾ" ಅಂದ.

ಲ್ಯಾಪ್‌ಟಾಪಿನಲ್ಲಿ ನಾಲ್ಕು ಪ್ರೊಸೆಸರ್ ಇವೆ. ಮೊದಲನೆಯದನ್ನು ಬಿಟ್ಟು ಉಳಿದ ಒಂದೊಂದಕ್ಕೂ "ಆನ್‌ಲೈನ್" ಅನ್ನುವ ಹೆಸರಿನ ಒಂದು ಪುಟ್ಟ ಫೈಲು. ಅದರೊಳಗೆ 1 ಅಂತ ಇದ್ದರೆ ಆ ಪ್ರೊಸೆಸರ್ ಕೆಲಸದಲ್ಲಿದೆ. 0 ಬರೆದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಯಂತ್ರ ನಿಲ್ಲುವುದಿಲ್ಲ, ಉಳಿದ ಮೂರರಲ್ಲೇ ಸಂಸಾರ ಸಾಗುತ್ತದೆ. ಆಮೇಲೆ ಅವನು ಇನ್ನೊಂದು ಪಟ್ಟಿ ತೆರೆದ. ಅದು ಇಂಟರಪ್ಟ್‌ಗಳ ಪಟ್ಟಿ. ಒಂದೊಂದು ಪ್ರೊಸೆಸರಿಗೆ ಒಂದೊಂದು ಕಾಲಂ, ಒಂದೊಂದು ಸಾಧನಕ್ಕೆ ಒಂದೊಂದು ಸಾಲು, ಯಾರು ಯಾರನ್ನು ಎಷ್ಟು ಸಲ ಕರೆದರು ಅನ್ನುವ ಲೆಕ್ಕ. ನೋಡಿದರೆ ನಮ್ಮ ಹಳೇ ಡೇಬುಕ್ಕೇ! 0 ಬರೆದ ಕೂಡಲೇ ಒಂದು ಕಾಲಂ ಪೂರ್ತಿ ಮಾಯ.

"ಅಲ್ಲಿಗೆ ಬರ್ತಿದ್ದವೆಲ್ಲ ಎಲ್ಲಿ ಹೋದವು?" ಅಂತ ಕೇಳಿದೆ.

"ಬೇರೆ ಪ್ರೊಸೆಸರಿಗೆ ಹೋಗ್ತಾವೆ ಅಪ್ಪಾ."

"ಮುಂದೆ ಬರುವವು ಹೋಗ್ತಾವೆ, ಸರಿ. ಆಗಲೇ ಬಂದು ನಿಂತಿದ್ದವು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೋಡಿ ಹೇಳ್ತೀನಿ" ಅಂದ. ನನಗೆ ಈ ಪ್ರಶ್ನೆ ಹೊಳೆದದ್ದು ಜಾಣತನದಿಂದಲ್ಲ. ಇದರ ಹಿಂದೆ ವಡೋದರಾದ ಒಬ್ಬ ಅಜ್ಜಿ ಇದ್ದಾರೆ. ಅವರ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಗಂಟೆಯ ವಿಷಯ.

ಇಂಟರಪ್ಟ್ ಅಂದರೆ ಕರೆಗಂಟೆ, ಅಷ್ಟೇ. ನೀವು ಕೀಲಿ ಒತ್ತುತ್ತೀರಿ, ಡಿಸ್ಕು ಕೇಳಿದ ಮಾಹಿತಿಯನ್ನು ತಂದು ಇಟ್ಟಿರುತ್ತದೆ, ನೆಟ್‌ವರ್ಕ್ ಕಾರ್ಡಿಗೆ ಹೊರಗಿಂದ ಏನೋ ಬಂದಿರುತ್ತದೆ. ಪ್ರೊಸೆಸರ್ ಎಲ್ಲರ ಹತ್ತಿರವೂ ಹೋಗಿ "ನಿನಗೇನು ಬೇಕು, ನಿನಗೇನು ಬೇಕು" ಅಂತ ಕೇಳುತ್ತಾ ಕೂತರೆ ದಿನವೆಲ್ಲ ಅದೇ ಆಗುತ್ತದೆ. ಅದಕ್ಕೇ ಬೇಕಾದವರು ಗಂಟೆ ಒತ್ತುತ್ತಾರೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು, ಗಂಟೆಗೆ ಓಗೊಟ್ಟು, ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ. ಹಲವು ಪ್ರೊಸೆಸರ್ ಇದ್ದಲ್ಲಿ ಯಾವ ಗಂಟೆ ಯಾರ ಮೇಜಿನದು ಅಂತ ಮೊದಲೇ ಗೊತ್ತುಮಾಡಿರುತ್ತಾರೆ.

ಗಂಟೆ ಒತ್ತುವುದರಲ್ಲೂ ಎರಡು ಜಾತಿ. ಹಳೇ ಕಾಲದ ಸಾಧನಗಳು ಯಾರಾದರೂ ಓಗೊಡುವವರೆಗೆ ಬೆರಳು ತೆಗೆಯದೆ ಒತ್ತಿಕೊಂಡೇ ಇರುತ್ತಿದ್ದವು. ಈಗಿನವು ಹೆಚ್ಚಿನವು ಒಂದೇ ಒಂದು ಸಲ ಒತ್ತಿ ಸುಮ್ಮನೆ ಕೂರುತ್ತವೆ. ಆ ಒಂದು ಸಲ ಯಾರಿಗೂ ಕೇಳಿಸದಿದ್ದರೆ ಮತ್ತೆ ಒತ್ತುವುದಿಲ್ಲ. ತನ್ನನ್ನು ಕರೆಯುತ್ತಾರೆ ಅಂತ ಕಾಯುತ್ತಲೇ ಇರುತ್ತವೆ. ಬ್ಯಾಂಕಿನಲ್ಲೂ ಹಾಗೇ ಅಲ್ಲವೇ? ಕೌಂಟರಿನ ಗಾಜು ಬಡಿಯುವ ಗಿರಾಕಿಯ ಕೆಲಸ ಹೇಗೋ ಆಗುತ್ತದೆ. ಕಾಗದ ಕೊಟ್ಟು ಬೆಂಚಿನ ಮೇಲೆ ಕೂರುವವರ ಕೆಲಸವೇ ತಪ್ಪಿಹೋಗುವುದು.

ಪ್ರೊಸೆಸರನ್ನು ಯಾಕೆ ಮುಚ್ಚಬೇಕು ಅಂತ ಕೇಳಬಹುದು. ದಿನಾ ಮುಚ್ಚುತ್ತೀವಿ ಸ್ವಾಮೀ, ನಮಗೆ ಗೊತ್ತಿರೋದಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿಸಿದಾಗ ಲಿನಕ್ಸ್ ಮೊದಲನೆಯದನ್ನು ಬಿಟ್ಟು ಉಳಿದ ಪ್ರೊಸೆಸರ್‌ಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತದೆ. 2010ರ ಆಚೀಚೆ ಹಲವು ಪ್ರೊಸೆಸರ್‌ಗಳ ಫೋನು ಬಂದ ಹೊಸತರಲ್ಲಿ ಬ್ಯಾಟರಿ ಉಳಿಸಲು ಇದನ್ನೇ ಮಾಡುತ್ತಿದ್ದರು. ದೊಡ್ಡ ಸರ್ವರ್‌ಗಳಲ್ಲಿ ಒಂದು ಪ್ರೊಸೆಸರ್ ಕೆಟ್ಟರೆ ಯಂತ್ರ ನಿಲ್ಲಿಸದೆ ಅದೊಂದನ್ನೇ ಹೊರಗಿಡಬಹುದು.

ಮಗ ರಾತ್ರಿ ಊಟಕ್ಕೆ ಕೂತಾಗ ಉತ್ತರ ತಂದಿದ್ದ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಲಿನಕ್ಸ್ ಮಾಡುವ ಕ್ರಮ ಹೀಗಂತೆ. ಮೊದಲು ಅಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಬೇರೆಡೆಗೆ ಸಾಗಿಸುತ್ತದೆ. ಆಮೇಲೆ ಒಂದು ಕ್ಷಣ ಎಲ್ಲ ಪ್ರೊಸೆಸರ್‌ಗಳನ್ನೂ ಕೈಕಟ್ಟಿ ನಿಲ್ಲಿಸುತ್ತದೆ. ಹೊರಡುವವನ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯುತ್ತದೆ. ಅವನ ಗಂಟೆಗಳನ್ನೆಲ್ಲ ಉಳಿದವರ ಮೇಜಿಗೆ ಜೋಡಿಸುತ್ತದೆ. ಇಷ್ಟಾದ ಮೇಲೆ ಒಂದು ಮಿಲಿಸೆಕೆಂಡ್ ಸುಮ್ಮನೆ ಕಾಯುತ್ತದೆ, ದಾರಿಯಲ್ಲಿರುವ ಗಂಟೆ ಏನಾದರೂ ಇದ್ದರೆ ಬಂದು ಮುಟ್ಟಲಿ ಅಂತ. ಕೊನೆಗೆ ಹೊರಡುವವನ ಡ್ರಾಯರ್ ತೆಗೆದು ನೋಡುತ್ತದೆ. ಬಂದಿದ್ದು, ಓಗೊಡದೆ ಉಳಿದದ್ದು ಏನಾದರೂ ಇದ್ದರೆ ಅದನ್ನು ಹೊಸ ಮೇಜಿನಲ್ಲಿ ಮತ್ತೊಮ್ಮೆ ಬಾರಿಸುತ್ತದೆ. ಗಂಟೆ ಒತ್ತಿದವನಿಗೆ ಇದರ ಸುದ್ದಿಯೇ ಇರುವುದಿಲ್ಲ. ಅವನು ಒಂದೇ ಸಲ ಒತ್ತಿದ್ದ, ಅವನ ಕೆಲಸ ಆಯ್ತು.

ಕೈಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಈಗ ಅಜ್ಜಿಯ ಕಥೆ. 2012ರ ಜೂನ್ ತಿಂಗಳು. ವಡೋದರಾದ ಒಂದು ಶಾಖೆಯಿಂದ ನನಗೆ ಅಹಮದಾಬಾದಿಗೆ ವರ್ಗ ಆಯ್ತು. ಶನಿವಾರ ರಿಲೀವ್. ಚಾರ್ಜ್ ಕೊಡುವುದು ಅಂದರೆ ಬ್ಯಾಂಕಿನವರಿಗೆ ಗೊತ್ತೇ ಇದೆ: ಬೀಗದ ಕೈ, ನಗದು, ಸೀಲು, ಚೆಕ್‌ಬುಕ್ಕು, ಡಿಡಿ ಪುಸ್ತಕ, ಎಲ್ಲ ಎಣಿಸಿ, ಬರೆದು, ಇಬ್ಬರೂ ಸಹಿ ಹಾಕಿದೆವು. ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ. ಹಾರ ಹಾಕಿಸಿಕೊಂಡು, ಫಾಫ್ಡಾ ಜಲೇಬಿ ತಿಂದು ಹೊರಟೆ.

ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಕಾಗದದ ಕಟ್ಟು ಉಳಿದಿತ್ತು. ಗದಗದ ಕಡೆಯ ಅಜ್ಜಿ. ಗಂಡ ವಡೋದರಾದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಮೂರು ಲಕ್ಷದ ಠೇವಣಿ, ನಾಮಿನಿ ಇರಲಿಲ್ಲ. ವಾರಸುದಾರರ ಅಫಿಡವಿಟ್ಟು, ಮಕ್ಕಳ ಒಪ್ಪಿಗೆ ಪತ್ರ ಎಲ್ಲ ತಂದುಕೊಟ್ಟಿದ್ದರು. ಸೋಮವಾರ ಮೇಲಿನ ಕಚೇರಿಗೆ ಕಳಿಸೋಣ ಅಂತ ಇಟ್ಟಿದ್ದೆ. ನನ್ನ ಸೋಮವಾರ ಅಹಮದಾಬಾದಿನಲ್ಲಿ ಆಯ್ತು. ಚಾರ್ಜ್ ಪಟ್ಟಿಯಲ್ಲಿ ಸೀಲಿಗೆ ಜಾಗ ಇತ್ತು, ಅಜ್ಜಿಯ ಕಾಗದಕ್ಕೆ ಇರಲಿಲ್ಲ.

ನವೆಂಬರಿನಲ್ಲಿ ವಡೋದರಾದ ನಮ್ಮವರು ಸೇರಿ ಮಾಡಿದ ರಾಜ್ಯೋತ್ಸವಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ಅಜ್ಜಿ ಸಿಕ್ಕರು.

"ಸಾಹೇಬ್ರ, ನನ್ನ ಕಾಗದ ಎಲ್ಲೀಗೆ ಬಂತ್ರೀ?"

ಐದು ತಿಂಗಳು! ನಾಲ್ಕು ಸಲ ಶಾಖೆಗೆ ಹೋಗಿದ್ದರಂತೆ. ಹೋದಾಗಲೆಲ್ಲ "ಸಾಹೇಬರ ಬದಲಿ ಆಗಿದೆ, ಬೇಸೋ ಬಾ" ಅಂತ ಕೂರಿಸಿದ್ದಾರೆ. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ, ಬೇಸೋ ಅಂದರೆ ಕೂರಿ. ನಮ್ಮ ಅಜ್ಜಿ ಕೂತಿದ್ದಾರೆ, ಮಧ್ಯಾಹ್ನದವರೆಗೆ. ಯಾರೂ ಗದರಿಸಿಲ್ಲ, ನೀರು ಕೊಟ್ಟಿದ್ದಾರೆ. ಆ ಶಾಖೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೆ ಅಜ್ಜಿ ಒತ್ತಿದ ಗಂಟೆ ನನ್ನ ಮೇಜಿನದು, ನಾನು ಅಲ್ಲಿರಲಿಲ್ಲ, ಅದನ್ನು ಇನ್ನೊಬ್ಬರ ಮೇಜಿನಲ್ಲಿ ಮತ್ತೆ ಬಾರಿಸುವ ಕೆಲಸ ನನ್ನದಾಗಿತ್ತು. ಆ ಠೇವಣಿಯ ಬಡ್ಡಿಯಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದವರು ಐದು ತಿಂಗಳು ಪಕ್ಕದ ಮನೆಯವರ ಹತ್ತಿರ ಸಾಲ ಮಾಡಿದ್ದರು.

ಮರುದಿನವೇ ರಜೆ ಹಾಕಿ ಹೋಗಿ ನೋಡಿದೆ. ಕಟ್ಟು ಅದೇ ಡ್ರಾಯರಿನಲ್ಲಿ, ಹಳೇ ಡೈರಿಯ ಕೆಳಗೆ, ನಾನು ಚುಚ್ಚಿದ ಗುಂಡುಸೂಜಿಯ ಸಮೇತ ಇತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಯಾವುದನ್ನೇ ಮುಚ್ಚುವಾಗ, ಅದು ಕೌಂಟರ್ ಇರಲಿ, ಶಾಖೆ ಇರಲಿ, ಒಬ್ಬ ಅಧಿಕಾರಿಯ ಕುರ್ಚಿ ಇರಲಿ, ನಾವು ವಸ್ತುಗಳ ಲೆಕ್ಕ ಕೊಡುತ್ತೇವೆ. ನಮ್ಮನ್ನು ಕರೆದು ಕಾಯುತ್ತಿರುವವರ ಲೆಕ್ಕ ಕೊಡುವುದಿಲ್ಲ. ಯಂತ್ರದವರು ಅದನ್ನು ಕಡ್ಡಾಯ ಮಾಡಿಕೊಂಡಿದ್ದಾರೆ. ನಾವೂ ಮಾಡಿಕೊಳ್ಳಬೇಕು.

ಅವರಿಗೂ ಇದು ಒಂದೇ ದಿನದಲ್ಲಿ ಬಂದ ಬುದ್ಧಿ ಅಲ್ಲ. ಒಂದೊಂದು ತಪ್ಪಿಗೆ ಒಂದೊಂದು ನಿಯಮ ಸೇರಿದೆ. ಇಂಟೆಲ್ ಮಾದರಿಯ ಒಂದು ಪ್ರೊಸೆಸರಿನಲ್ಲಿ ಗಂಟೆಗೆ ಇರುವ ನಂಬರ್‌ಗಳು ಒಟ್ಟು 256. ಮೊದಲ 32 ಅದರ ಸ್ವಂತ ತುರ್ತಿಗೆ ಮೀಸಲು. ನೂರಾರು ಗಂಟೆಗಳಿರುವ ದೊಡ್ಡ ಸರ್ವರಿನಲ್ಲಿ ಒಂದೊಂದೇ ಪ್ರೊಸೆಸರ್ ಮುಚ್ಚುತ್ತಾ ಹೋದರೆ ಉಳಿದವುಗಳಲ್ಲಿ ನಂಬರ್ ಸಾಲದೆ ಬರುತ್ತದೆ. ಮೊದಲು ಅದನ್ನು ನೋಡದೆಯೇ ಮುಚ್ಚಿಬಿಡುತ್ತಿತ್ತು. ಜಾಗ ಸಿಗದ ಸಾಧನ ಮೂಕವಾಗುತ್ತಿತ್ತು. 2014ರಲ್ಲಿ ಒಂದು ತಪಾಸಣೆ ಸೇರಿಸಿದರು: ಹೊರಡುವವನ ಗಂಟೆಗಳಿಗೆಲ್ಲ ಬೇರೆಡೆ ಜಾಗ ಇದೆಯೇ ಅಂತ ಎಣಿಸು. ಇಲ್ಲದಿದ್ದರೆ ಮುಚ್ಚಲು ಒಪ್ಪಬೇಡ. "ಆಗುವುದಿಲ್ಲ" ಅಂತ ಹೇಳಿ ಪ್ರೊಸೆಸರನ್ನು ಕೆಲಸದಲ್ಲೇ ಇಟ್ಟುಕೋ.

ಇದು ನನಗೆ ಬಹಳ ಹಿಡಿಸಿತು. ಪಕ್ಕದ ಮೇಜಿನವನಿಗೆ ಆಗಲೇ ಮೂರು ಜನರ ಕೆಲಸ ಇದ್ದಾಗ ನಾಲ್ಕನೆಯವನ ಗಂಟೆಯನ್ನೂ ಅವನಿಗೇ ಜೋಡಿಸಿ "ಹೊಂದಾಣಿಕೆ ಮಾಡಿಕೊಳ್ಳಿ" ಅನ್ನುತ್ತೇವಲ್ಲ, ಅಲ್ಲಿ "ಜಾಗ ಇಲ್ಲ, ಈಗ ಕಳಿಸಲಾಗದು" ಅನ್ನುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಆ ನಿಯಮದಿಂದಲೂ ಒಂದು ಪೇಚು ಬಂತು. ಕೆಲಸವೇ ಇಲ್ಲದ ಎಷ್ಟೋ ಗಂಟೆಗಳು ಸುಮ್ಮನೆ ನಂಬರ್ ಹಿಡಿದು ಕೂತಿರುತ್ತಿದ್ದವು. ಹೀಗಾಗಿ ದೊಡ್ಡ ಯಂತ್ರಗಳನ್ನು ಮಲಗಿಸಲು ಹೋದರೆ "ಜಾಗ ಇಲ್ಲ" ಅನ್ನುತ್ತಿದ್ದವು. ಕೊನೆಗೆ ಥಾಮಸ್ ಗ್ಲೈಕ್ಸ್‌ನರ್ ಈ ಲೆಕ್ಕವನ್ನೇ ಹೊಸದಾಗಿ ಬರೆದರು. 2018ರ ಜನವರಿಯಲ್ಲಿ ಬಂದ ಲಿನಕ್ಸ್ 4.15ರಿಂದ, ನಿಜವಾಗಿ ಬಳಕೆಗೆ ಬಂದ ಗಂಟೆಗೆ ಮಾತ್ರ ನಂಬರ್ ಕೊಡುವ ಪದ್ಧತಿ ಬಂತು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋದವರ ಜಾಗ ಬಿಡಿಸಿದ ಹಾಗೆ.

ಇನ್ನೊಂದು ವಿಷಯ, ನಮ್ಮವರಿಗೆ ಸಂತೋಷ ಆಗುವಂಥದ್ದು. ನಡೆಯುವ ಯಂತ್ರದಲ್ಲೇ ಪ್ರೊಸೆಸರ್ ತೆಗೆಯುವ ಹಾಕುವ ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಲಿನಕ್ಸ್ ಜೊತೆಗೇ ಬರುವ ಇದರ ದಾಖಲೆಯಲ್ಲಿ ಆಸ್ಟ್ರೇಲಿಯಾದ ರಸ್ಟಿ ರಸೆಲ್ ಜೊತೆ ಶ್ರೀವತ್ಸ ವಡ್ಡಗಿರಿ ಹೆಸರಿದೆ. ಅವರು ಆಗ ಬೆಂಗಳೂರಿನ ಐಬಿಎಂನಲ್ಲಿದ್ದರು. ಅದೇ ಐಬಿಎಂನ ಗೌತಮ್ ಶೆಣೈ, ಒಬ್ಬರು ಹೊರಡುತ್ತಿರುವಾಗ ಇನ್ನೊಬ್ಬರು ಹಾಜರಿ ಪಟ್ಟಿ ನೋಡುತ್ತಿದ್ದರೆ ಗೊಂದಲ ಆಗದಂತೆ ಬೀಗದ ವ್ಯವಸ್ಥೆಯ ಮೇಲೆ ಕೆಲಸ ಮಾಡಿದರು. 2012-13ರಲ್ಲಿ ಶ್ರೀವತ್ಸ ಭಟ್, ಒಬ್ಬನನ್ನು ಕಳಿಸಲು ಎಲ್ಲರನ್ನೂ ಯಾಕೆ ನಿಲ್ಲಿಸಬೇಕು ಅಂತ ದೊಡ್ಡ ಪ್ರಯತ್ನ ಮಾಡಿದರು. ಆ ಒಂದು ಕ್ಷಣದ ನಿಲುಗಡೆ ಮಾತ್ರ ಹಾಗೇ ಉಳಿಯಿತು. ನಾನು ವಡೋದರಾದಲ್ಲಿ ಡ್ರಾಯರ್ ಮುಚ್ಚಿ ಹೊರಟ ಅದೇ ವರ್ಷ ಬೆಂಗಳೂರಿನಲ್ಲಿ ಒಬ್ಬರು ಇದನ್ನೇ ಕುರಿತು ತಲೆ ಕೆಡಿಸಿಕೊಂಡಿದ್ದರು!

ಎಲ್ಲ ಗಂಟೆಯನ್ನೂ ಬೇರೆ ಮೇಜಿಗೆ ಜೋಡಿಸಲು ಬರುವುದಿಲ್ಲ, ಇದೂ ಗೊತ್ತಿರಲಿ. ಈಗಿನ ವೇಗದ ಡಿಸ್ಕುಗಳಲ್ಲಿ ಒಂದೊಂದು ಪ್ರೊಸೆಸರಿಗೆ ಅದರದ್ದೇ ಸರತಿಸಾಲು, ಅದರದ್ದೇ ಗಂಟೆ ಇರುತ್ತದೆ. ಆ ಸಾಲಿಗೆ ಸೇರಿದ ಕೊನೆಯ ಪ್ರೊಸೆಸರ್ ಮುಚ್ಚಿದರೆ ಗಂಟೆಯನ್ನು ಸಾಗಿಸುವುದಿಲ್ಲ, ಅಲ್ಲೇ ನಿಲ್ಲಿಸಿಬಿಡುತ್ತಾರೆ. ಹಾಗಾದರೆ ಆ ಸಾಲಿನಲ್ಲಿ ಅರ್ಧ ಆಗಿದ್ದ ಕೆಲಸದ ಗತಿ? ಇದಕ್ಕೆ ಸರಿಯಾದ ಏರ್ಪಾಡು 2020ರಲ್ಲಿ ಲಿನಕ್ಸ್ 5.8ರಲ್ಲಿ ಬಂತು: ಮೊದಲು ಆ ಸಾಲಿಗೆ ಹೊಸಬರನ್ನು ಬಿಡಬೇಡ, ಇದ್ದವರದ್ದು ಪೂರ್ತಿ ಮುಗಿಸು, ಆಮೇಲೆ ಮುಚ್ಚು. ನಮ್ಮ ಲಾಕರ್ ಇದ್ದ ಹಾಗೆ. ಲಾಕರನ್ನು ಪಕ್ಕದ ಕೌಂಟರಿಗೆ ಎತ್ತಿಡಲಾಗದು. ಒಬ್ಬೊಬ್ಬರನ್ನೂ ಕರೆದು, ತೆರೆಸಿ, ಅವರ ವಸ್ತು ಅವರ ಕೈಗೆ ಕೊಟ್ಟ ಮೇಲೇ ಆ ಕೋಣೆಗೆ ಬೀಗ.

ಮರಳಿ ಬಂದಾಗಲೂ ಒಂದು ಮಾತಿದೆ. 0 ಇದ್ದಲ್ಲಿ ಮತ್ತೆ 1 ಬರೆದರೆ ಪ್ರೊಸೆಸರ್ ಏಳುತ್ತದೆ. ಆದರೆ ಬೇರೆಡೆಗೆ ಹೋದ ಸಾಮಾನ್ಯ ಗಂಟೆಗಳು ತಾವಾಗಿ ಮರಳುವುದಿಲ್ಲ. ಯಾರಾದರೂ ಮತ್ತೆ ಹಂಚಬೇಕು. 2006ರ ಆಗಸ್ಟಿನಲ್ಲಿ ತಾಪಿ ನದಿ ಉಕ್ಕಿ ಸೂರತ್ ಮುಳುಗಿದಾಗ ನಾನು ಅಲ್ಲಿದ್ದೆ. ನಮ್ಮ ಶಾಖೆ ನೆಲಮಟ್ಟದಲ್ಲಿತ್ತು, ಪೂರ್ತಿ ಕೆಸರು. ನಮ್ಮ ಗಿರಾಕಿಗಳ ಕೆಲಸ ಎತ್ತರದ ಜಾಗದ ಇನ್ನೊಂದು ಶಾಖೆಗೆ ಹೋಯ್ತು. ತೊಳೆದು, ಒಣಗಿಸಿ, ಬಾಗಿಲು ತೆರೆದ ಮೇಲೆ ನಾವು ನೊಣ ಹೊಡೆಯುತ್ತಾ ಕೂತಿದ್ದೆವು, ಅಲ್ಲಿಯವರು ಸಾಲು ಸಾಲು ಜನರ ಮಧ್ಯೆ ಬೆವರುತ್ತಿದ್ದರು. ತೆರೆದಿದ್ದೇವೆ ಅಂತ ಮನೆಮನೆಗೆ ಹೇಳಿಕಳಿಸುವ ಕೆಲಸ ಯಾರದು ಅಂತ ಗೊತ್ತಾಗುವಷ್ಟರಲ್ಲಿ ಗಣೇಶನ ಹಬ್ಬ ಬಂದಿತ್ತು.

ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 2019ರ ಏಪ್ರಿಲ್ 1ರಂದು ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, ದೇನಾ ಬ್ಯಾಂಕಿನ ಜೊತೆಗೆ, ವಡೋದರಾದಲ್ಲಿ 1908ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಹೆಸರು ಹೋದದ್ದಕ್ಕೆ ನಮಗೆಲ್ಲ ಹೊಟ್ಟೆ ಉರಿದದ್ದು ನಿಜ. ಆದರೆ ಹಳೆಯ ಐಎಫ್ಎಸ್‌ಸಿ ಕೋಡುಗಳನ್ನು ಅವತ್ತೇ ಕೊಲ್ಲಲಿಲ್ಲ. 2021ರ ಫೆಬ್ರವರಿ ಕೊನೆಯವರೆಗೆ ಹಳೇ ಕೋಡಿಗೆ ಕಳಿಸಿದ ಹಣವೂ ಬಂದು ಮುಟ್ಟುತ್ತಿತ್ತು. ಹಳೇ ಚೆಕ್ಕಿಗೆ ಇನ್ನೂ ಒಂದು ತಿಂಗಳು ಹೆಚ್ಚು. ಹಳೇ ಗಂಟೆ ಹೊಸ ಮೇಜಿನಲ್ಲಿ ಸುಮಾರು ಎರಡು ವರ್ಷ ಬಾರಿಸಿತು. ಹಾಗಿರಬೇಕು.

ಇದನ್ನೆಲ್ಲ ಚಹಾ ಕುಡಿಯುವಾಗ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. "ಯಂತ್ರಕ್ಕೇನು ಸಾರ್, ಒಂದು ಮಿಲಿಸೆಕೆಂಡ್ ಕಾದರೆ ಮುಗೀತು. ನಮಗೆ ಸಂಜೆ ಆರ್ಡರ್ ಬಂದರೆ ಬೆಳಿಗ್ಗೆ ಹೊರಡಬೇಕು. ಡ್ರಾಯರ್ ನೋಡುವ ಪುರುಸೊತ್ತು ಎಲ್ಲಿ?" ಅಂದರು. ಮಾತು ಸರಿ ಅನ್ನಿಸಿತು. ಆದರೆ ಅಭ್ಯಾಸಬಲ, ಲೆಕ್ಕ ಹಾಕಿದೆ. 3 ಗಿಗಾಹರ್ಟ್ಸ್ ಪ್ರೊಸೆಸರ್ ಒಂದು ಮಿಲಿಸೆಕೆಂಡಿನಲ್ಲಿ 30 ಲಕ್ಷ ಸಲ ಮಿಡಿಯುತ್ತದೆ. ಒಂದು ಮಿಡಿತವನ್ನು ನಮ್ಮ ಒಂದು ಸೆಕೆಂಡ್ ಅಂದುಕೊಂಡರೆ ಸುಮಾರು 35 ದಿನ ಆಯ್ತು! ಅಷ್ಟು ಅವಸರದ ಯಂತ್ರ ತನ್ನ ಲೆಕ್ಕದಲ್ಲಿ ಒಂದು ತಿಂಗಳ ಮೇಲೆ ಕೈಕಟ್ಟಿ ಕಾಯುತ್ತದೆ, ಯಾರದೋ ಒಂದು ಗಂಟೆ ತಪ್ಪಬಾರದು ಅಂತ. ನಮಗೆ ಎರಡು ದಿನ ಕೊಟ್ಟರೆ ಬ್ಯಾಂಕು ಮುಳುಗುವುದಿಲ್ಲ.

ಹಾಗಾಗಿ ನನ್ನ ಕೋರಿಕೆ, ಬ್ಯಾಂಕಿನವರಿಗೆ ಮಾತ್ರವಲ್ಲ, ಶಾಲೆ, ಕಚೇರಿ, ನಮ್ಮ ಸಂಘದ ಕಾರ್ಯದರ್ಶಿಗಳಿಗೂ. ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈಗಿಂತ ಮೊದಲು ಒಂದು ಕಾಲಂ ಇರಲಿ: ಯಾರು ಯಾರು ಕಾಯುತ್ತಿದ್ದಾರೆ. ಡ್ರಾಯರನ್ನು ಹೋಗುವವರು, ಬರುವವರು ಇಬ್ಬರೂ ಕೂತು ತೆಗೆಯಲಿ. ಸಿಕ್ಕ ಒಂದೊಂದು ಕಾಗದಕ್ಕೂ ಹೊಸಬರ ಹೆಸರು ಬೀಳಲಿ, ಕಾಗದ ಕೊಟ್ಟವರಿಗೆ ಒಂದು ಫೋನ್ ಹೋಗಲಿ. ಹೊಸ ಮೇಜಿನಲ್ಲಿ ಜಾಗ ಇಲ್ಲದಿದ್ದರೆ "ಈಗ ಆಗದು" ಅನ್ನುವ ಹಕ್ಕು ಇರಲಿ.

ಅಜ್ಜಿಯ ಹಣ ಸಂಕ್ರಾಂತಿಗೆ ಮೊದಲು ಬಂತು. ಅವರು ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಕ್ಷಮೆ ಕೇಳಿದ್ದಕ್ಕೆ, "ಇರ್ಲಿ ಬಿಡ್ರೀ ಸಾಹೇಬ್ರ, ನಾ ಏನ್ ಗಡಿಬಿಡಿ ಮಾಡ್ಲಿಲ್ರೀ, ಸುಮ್ಕ ಕೂತಿದ್ದೆ" ಅಂದರು. ಅವರು ಗಡಿಬಿಡಿ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಇನ್ನು ಹದಿನಾಲ್ಕು ತಿಂಗಳಿಗೆ ನನ್ನ ನಿವೃತ್ತಿ. ಈ ಸಲ ಡ್ರಾಯರಿನ ಪಟ್ಟಿಯನ್ನು ಈಗಿಂದಲೇ ಬರೆಯಲು ಶುರು ಮಾಡಿದ್ದೇನೆ. ಇವತ್ತಿನ ಲೆಕ್ಕಕ್ಕೆ ಒಂಬತ್ತು ಹೆಸರು ಇವೆ.

ನೀವು ಕೊನೆಯ ಸಲ ಚಾರ್ಜ್ ಕೊಟ್ಟಾಗ ಎರಡನೇ ಡ್ರಾಯರ್ ತೆಗೆದು ನೋಡಿದ್ರಾ? ನೆನಪಿದ್ದರೆ ಕೆಳಗೆ ಬರೆಯಿರಿ.